ಕೀಬೋರ್ಡಿನಲ್ಲಿ ಸರಳೆ ವರಸೆ

ಕರ್ನಾಟಕ ಸಂಗೀತ ಕಲಿತವರು ನೊಟೇಶನ್ ತಂತ್ರಾಂಶವನ್ನು ಮೊದಲ ಸಲ ತೆರೆದಾಗ ಬೆರಳು ತಾನಾಗಿ ಹೋಗುವುದು ಎಸ್, ಆರ್, ಜಿ, ಎಂ ಕೀಲಿಗಳ ಕಡೆಗೆ. ಬಾಯಲ್ಲಿ ಸ ರಿ ಗ ಮ ಎಂದು ಕೂತದ್ದು ಕೈಯಲ್ಲೂ ಹಾಗೆಯೇ ಬರಬೇಕಲ್ಲವೇ? ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್‌ನಲ್ಲಿ ಹಾಗೆ ಒತ್ತಿದರೆ ಆಗುವುದೇ ಬೇರೆ. ಎಸ್ ಒತ್ತಿದರೆ ಸ್ವರಕ್ಕೊಂದು ಕಮಾನುಗೆರೆ ಬೀಳುತ್ತದೆ, ಆರ್ ಒತ್ತಿದರೆ ಹಿಂದೆ ಬರೆದದ್ದೇ ಮತ್ತೊಮ್ಮೆ ಬರುತ್ತದೆ, ಎನ್ ಒತ್ತಿದರೆ ಸ್ವರ ಬರೆಯುವ ಸ್ಥಿತಿಯಿಂದಲೇ ಆಚೆ ಬಂದಿರುತ್ತೇವೆ. ಇವಕ್ಕಿಂತ ಹೆಚ್ಚು ದಾರಿ ತಪ್ಪಿಸುವವು ಜಿ ಮತ್ತು ಡಿ. ಅವು ಸ್ವರವನ್ನೇನೋ ಕೊಡುತ್ತವೆ. ಆದರೆ ಗಾಂಧಾರ ಬಯಸಿದವರಿಗೆ ಪಂಚಮ, ಧೈವತ ಬಯಸಿದವರಿಗೆ ರಿಷಭ. ಷಡ್ಜವನ್ನು ಸಿ ಎಂದು ಇಟ್ಟುಕೊಂಡರೆ ಡಿ ರಿಷಭ, ಇ ಗಾಂಧಾರ, ಎಫ್ ಮಧ್ಯಮ, ಜಿ ಪಂಚಮ, ಎ ಧೈವತ, ಬಿ ನಿಷಾದ. ಹಾಡುವವರ ಶ್ರುತಿ ಯಾವುದೇ ಇರಲಿ, ಕಾಗದದ ಮೇಲೆ ಷಡ್ಜ ಯಾವಾಗಲೂ ಸಿ ಎಂದೇ ಇರಲಿ. ಈ ಏಳು ಹೆಸರನ್ನು ಬಾಯಿಪಾಠ ಮಾಡುವುದು ಕೆಲವು ದಿನಗಳ ಕೆಲಸ. ಇದನ್ನೇ ದೊಡ್ಡ ತೊಡಕೆಂದು ತಿಳಿದು ಕೈಬಿಡಬಾರದು. ನಿಜವಾದ ತೊಡಕು ಸ್ವರದ ಹೆಸರಿನಲ್ಲಿಲ್ಲ, ಕಾಲದಲ್ಲಿದೆ. ಸ್ವರ ತುಂಬುವ ಈ ಕೆಲಸ ಟೈಪಿಂಗಿನ ಜಾತಿಗೆ ಸೇರಿದ್ದಲ್ಲ, ತಾಳ ಹಾಕುವುದರ ಜಾತಿಗೆ ಸೇರಿದ್ದು ಎಂಬುದೇ ನಾನು ಈ ದಾರಿಯಲ್ಲಿ ಕಲಿತ ಮುಖ್ಯ ಪಾಠ.

ಹಾಸನ ಜಿಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಚಿಕ್ಕ ಊರು. ಆರ್.ಕೆ. ಶ್ರೀಕಂಠನ್ (1920–2014), ಪಿಟೀಲಿನ ಆರ್.ಆರ್. ಕೇಶವಮೂರ್ತಿ, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ, ಇಷ್ಟು ಜನ ಸಂಗೀತಗಾರರ ಹಿಂದೆ ಅದೊಂದೇ ಹಳ್ಳಿ ಇದೆ. ತಂಬೂರಿಯ ಆಕಾರದಲ್ಲೇ ಕಟ್ಟಿದ ಮಂದಿರವೂ ಅಲ್ಲಿದೆ. ಆ ಪರಂಪರೆ ಕಿವಿಯಿಂದ ಕಿವಿಗೆ ಬಂದದ್ದು. ಅದಕ್ಕೆ ಕಂಪ್ಯೂಟರಿನ ಹಂಗಿಲ್ಲ. ಆದರೆ ಪಕ್ಕದ ಹೊಳೆನರಸೀಪುರದ ಹೆಸರು ಹೊತ್ತ ಯೋಗನರಸಿಂಹಂ ಅವರನ್ನು ನೆನೆಯಿರಿ. ಸಂಸ್ಕೃತ ವಿದ್ವಾಂಸರು, ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ತ್ಯಾಗರಾಜರ ಕೃತಿಗಳನ್ನು ಹೊತ್ತು ತರಲು ತಲೆತಲಾಂತರದ ಶಿಷ್ಯವರ್ಗವಿತ್ತು. ಇಪ್ಪತ್ತನೆಯ ಶತಮಾನದ, ತಾಲ್ಲೂಕು ಊರಿನ ವಾಗ್ಗೇಯಕಾರರ ರಚನೆಗೆ ಅಂಥ ಬಳಗ ಸುಲಭವಾಗಿ ಒದಗುವುದಿಲ್ಲ. ಅದಕ್ಕೆ ಬರಹವೇ ಆಸರೆ. ಆ ಬರಹವಾದರೋ ಬಹುಪಾಲು ಕೈಬರಹದ ನೋಟ್‌ಪುಸ್ತಕಗಳಲ್ಲಿದೆ, ಈಗ ಅದರ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಪ್ರತಿ ಸಲವೂ ಮೇಲಿನ ಚುಕ್ಕೆಯೊಂದು ಮಾಸುತ್ತದೆ, ತಾರಷಡ್ಜ ಮಧ್ಯಷಡ್ಜವಾಗುತ್ತದೆ. ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಪಾಠ ಹೇಳುವವರೊಬ್ಬರು ದಿನಕ್ಕೊಂದು ಪುಟವನ್ನು ಸರಿಯಾಗಿ ಕಂಪ್ಯೂಟರಿಗೆ ಏರಿಸಿದರೂ ಅದು ಬಹಳ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಈಗ ಕಾಲದ ವಿಷಯ. ನಮ್ಮ ಸ್ವರಲಿಪಿಯಲ್ಲಿ ಮೊದಲು ಸ್ವರ ಬರೆಯುತ್ತೇವೆ, ಆಮೇಲೆ ಅದನ್ನು ಎಳೆಯುತ್ತೇವೆ. ಸ ಎಂದು ಬರೆದು ಮುಂದೊಂದು ಅಲ್ಪವಿರಾಮ ಇಟ್ಟರೆ ಒಂದಕ್ಷರ ಹೆಚ್ಚು, ಅರ್ಧವಿರಾಮ ಇಟ್ಟರೆ ಎರಡಕ್ಷರ. ಎಷ್ಟು ಎಳೆಯಬೇಕೆಂದು ಬರೆಯುವಾಗ ತಿಳಿಯದಿದ್ದರೂ ನಡೆಯುತ್ತದೆ, ಹಾಡಿಕೊಳ್ಳುತ್ತಾ ಗುರುತು ಸೇರಿಸಿದರಾಯಿತು. ತಂತ್ರಾಂಶ ಕೇಳುವುದು ತಿರುವುಮುರುವಾಗಿ: ಸ್ವರ ಹುಟ್ಟುವ ಮೊದಲೇ ಅದರ ಆಯಸ್ಸು ಹೇಳಬೇಕು. ಮ್ಯೂಸ್‌ಸ್ಕೋರ್‌ನಲ್ಲಿ ಎನ್ ಒತ್ತಿ ಬರೆಯುವ ಸ್ಥಿತಿಗೆ ಬಂದ ಮೇಲೆ ಮೊದಲು ಅಂಕಿ, ಆಮೇಲೆ ಸ್ವರದ ಕೀಲಿ. ಅಂಕಿ 5 ಒತ್ತಿದರೆ ಕಾಲು ಸ್ವರ; ಅದನ್ನು ಒಂದಕ್ಷರ ಕಾಲವೆಂದು ಇಟ್ಟುಕೊಳ್ಳಿ. 4 ಒತ್ತಿದರೆ ಅದರ ಅರ್ಧ, 3 ಒತ್ತಿದರೆ ಅದರದೂ ಅರ್ಧ, 6 ಒತ್ತಿದರೆ ಎರಡಕ್ಷರ. ಅಂದರೆ ಮೊದಲನೆಯ ಕಾಲ 5, ಎರಡನೆಯ ಕಾಲ 4, ಮೂರನೆಯ ಕಾಲ 3. ನಮ್ಮ ತ್ರಿಕಾಲವೇ ಕೀಬೋರ್ಡಿನ ಮೇಲುಸಾಲಿನಲ್ಲಿ ಪಕ್ಕಪಕ್ಕ ಕೂತಿದೆ. ಮೂರಕ್ಷರ ನಿಲ್ಲುವ ಸ್ವರಕ್ಕೆ 6ರ ಜೊತೆಗೆ ಚುಕ್ಕೆ, ಸುಮ್ಮನಿರುವ ಜಾಗಕ್ಕೆ ಸೊನ್ನೆ. ಇಷ್ಟು ತಿಳಿದರೆ ಮೊದಲ ತಿಂಗಳಿಗೆ ಮೌಸನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಮೌಸಿನಿಂದ ಗೆರೆಯ ಮೇಲೆ ಸ್ವರ ಇಡುತ್ತಾ ಹೋಗುವುದು ಸುಲಭವಾಗಿ ಕಾಣುತ್ತದೆ, ಆದರೆ ಗೆರೆಗೂ ಎಡೆಗೂ ನಡುವೆ ಕಣ್ಣು ತಪ್ಪಿದರೆ ಬೇರೆ ಸ್ವರವೇ ಬೀಳುತ್ತದೆ, ಲಯವಂತೂ ಮನಸ್ಸಿಗೆ ಹತ್ತುವುದೇ ಇಲ್ಲ.

ಸ್ವರವನ್ನು ಮೊದಲು ಹೇಳಿ ಕಾಲವನ್ನು ಆಮೇಲೆ ಹೇಳುವ ಸೌಕರ್ಯವೂ ಇದೆಯಲ್ಲ ಎಂದು ತಿಳಿದವರು ಕೇಳಬಹುದು. ಇದೆ. 2016ರಲ್ಲಿ ಬಂದ ಡೊರಿಕೊದಲ್ಲಿ ಆ ಆಯ್ಕೆಯಿದೆ, ಫಿನಾಲೆಯ ಒಂದು ವಿಧಾನವೂ ಹಾಗೆಯೇ ಇತ್ತು. ಪಳಗಿದ ಕೈಗೆ ಅದು ಒಳ್ಳೆಯದು. ಹೊಸಬರಿಗೆ ಬೇಡ ಎನ್ನುತ್ತೇನೆ. ಮೊದಲೇ ಕಾಲ ನಿರ್ಧರಿಸಬೇಕಾದ ಇಕ್ಕಟ್ಟಿನಲ್ಲೇ ಪಾಠವಿದೆ. ಕೃತಿಯೊಂದನ್ನು ಹತ್ತು ವರ್ಷದಿಂದ ಹಾಡುತ್ತಿದ್ದರೂ ಒಂದು ಸ್ವರ ಎಷ್ಟಕ್ಷರ ನಿಲ್ಲುತ್ತದೆಂದು ಕೇಳಿದಾಗ ತೊಡೆ ತಟ್ಟಿ ನೋಡದೆ ಉತ್ತರ ಹೊಳೆಯುವುದಿಲ್ಲ. ತಟ್ಟಿ ನೋಡಲಿ, ಅದು ತಪ್ಪಲ್ಲ. ಎಡಗೈ ಅಂಕಿಯ ಮೇಲಿದ್ದು ಬಲಗೈ ತಾಳ ಹಾಕುತ್ತಿದ್ದರೆ ತಂತ್ರಾಂಶ ಅರ್ಧ ಬಂದಂತೆಯೇ. ಫಿನಾಲೆಯ ಹೆಸರು ಬಂದದ್ದರಿಂದ ಇನ್ನೊಂದು ಮಾತು: 1988ರಿಂದ ನಡೆದುಬಂದ ಆ ತಂತ್ರಾಂಶದ ಬೆಳವಣಿಗೆಯನ್ನು ಅದರ ತಯಾರಕರು 2024ರಲ್ಲಿ ನಿಲ್ಲಿಸಿಬಿಟ್ಟರು. ಆದ್ದರಿಂದ ಬರೆದದ್ದನ್ನೆಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲೂ ಒಂದು ಪ್ರತಿ ಇಡಿ. ಬೇರೆ ಬೇರೆ ತಂತ್ರಾಂಶಗಳು ಓದುವ ರೂಪ ಅದು.

ಟೈಪಿಂಗ್ ಬಲ್ಲವರಿಗೆ ಇನ್ನೊಂದು ಅಭ್ಯಾಸ ಅಡ್ಡ ಬರುತ್ತದೆ. ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ನಡುವೆ ಅಕ್ಷರ ಸೇರಿಸಿದರೆ ಮುಂದಿನದು ಸರಿದು ಜಾಗ ಕೊಡುತ್ತದೆ, ಅಳಿಸಿದರೆ ಹಿಂದೆ ಸರಿದು ಕೂಡಿಕೊಳ್ಳುತ್ತದೆ. ನೊಟೇಶನ್ ತಂತ್ರಾಂಶದಲ್ಲಿ ಹಾಗಾಗುವುದಿಲ್ಲ. ಅಳಿಸಿದ ಜಾಗದಲ್ಲಿ ವಿರಾಮ ಚಿಹ್ನೆ ಉಳಿಯುತ್ತದೆ. ಇದ್ದ ಸ್ವರದ ಮೇಲೆ ಬರೆದರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಇದು ಹಟಮಾರಿತನವೆಂದು ಕಂಡರೆ ತಾಳವನ್ನು ನೆನೆಯಿರಿ. ಆದಿತಾಳದ ಎಂಟಕ್ಷರ, ನಾಲ್ಕರ ಲಘು ಮತ್ತು ಎರಡೆರಡರ ಎರಡು ದ್ರುತ, ಹಾಡುವವರು ಬಾಯಿ ತೆರೆಯುವ ಮೊದಲೇ ಅಲ್ಲಿರುತ್ತದೆ. ಹಾಡು ನಿಂತರೆ ತಾಳ ಕುಗ್ಗುವುದಿಲ್ಲ, ಖಾಲಿಯಾಗಿ ನಡೆಯುತ್ತದೆ. ತಂತ್ರಾಂಶದಲ್ಲಿ ಎರಡು ನಿಲುಗೆರೆಗಳ ನಡುವಿನ ಖಾಲಿ ಬಾರೂ ಅದೇ: ಮೌನದಿಂದ ತುಂಬಿದ ಆವರ್ತ. ಅದರ ಅಳತೆ 8/4 ಎಂದು ಕೊಟ್ಟರೆ ಒಂದು ಬಾರು ಒಂದು ಆವರ್ತವಾಗುತ್ತದೆ, ನಾವು ಮೌನವನ್ನು ತೆಗೆದು ಅಲ್ಲಿ ಸ್ವರ ಇಡುತ್ತೇವೆ. ಆವರ್ತ ದಾಟುವಷ್ಟು ದೀರ್ಘ ಸ್ವರ ಕೊಟ್ಟರೆ ಅದು ತಾನೇ ಎರಡಾಗಿ ಒಡೆದು, ಗೆರೆಯಾಚೆಗೆ ಗಂಟು ಹಾಕಿಕೊಳ್ಳುತ್ತದೆ. ಲೆಕ್ಕ ತಪ್ಪಿದ್ದರೆ ಅದು ಅಲ್ಲೇ ಕಣ್ಣಿಗೆ ಹೊಡೆಯುತ್ತದೆ. ನೋಟ್‌ಪುಸ್ತಕದಲ್ಲಿ ಏಳಕ್ಷರದ ಆವರ್ತ ಬರೆದರೂ ಕಾಗದ ಏನೂ ಅನ್ನುವುದಿಲ್ಲ. ತಾಳದಲ್ಲಿ ಪಳಗಿದವರಿಗೆ ಟೈಪಿಸ್ಟಿಗಿಂತ ಇಲ್ಲಿ ಅನುಕೂಲ ಹೆಚ್ಚೆಂದು ನಾನು ಹೇಳುವುದು ಇದರಿಂದಲೇ.

ಯಾವುದರಿಂದ ಶುರುಮಾಡಬೇಕೆಂಬುದಕ್ಕೆ ಉತ್ತರ ನಮ್ಮ ಪಾಠಕ್ರಮದಲ್ಲೇ ಇದೆ. ಇಷ್ಟದ ಕೃತಿಯಿಂದ ಬೇಡ, ಸರಳೆ ವರಸೆಯಿಂದ. ಅದರ ಮೊದಲ ವರಸೆಗಳು ಮೆಟ್ಟಿಲೇರಿದಂತೆ ಪಕ್ಕದ ಸ್ವರಕ್ಕೇ ಹೋಗುತ್ತವೆ. ಮ್ಯೂಸ್‌ಸ್ಕೋರ್ ಪ್ರತಿ ಹೊಸ ಸ್ವರವನ್ನು ಹಿಂದಿನದಕ್ಕೆ ಹತ್ತಿರವಿರುವ ಸ್ಥಾಯಿಯಲ್ಲಿ ಇಡುವುದರಿಂದ ಇಲ್ಲಿ ಸ್ಥಾಯಿ ತಪ್ಪುವ ಭಯವಿಲ್ಲ. ಸಿ ಆದ ಮೇಲೆ ಜಿ ಒತ್ತಿ ನೋಡಿ: ಮಧ್ಯಸ್ಥಾಯಿಯ ಪಂಚಮ ಐದನೆಯ ಮೆಟ್ಟಿಲು, ಮಂದ್ರದ ಪಂಚಮ ಕೆಳಗೆ ನಾಲ್ಕನೆಯದು, ಯಂತ್ರ ಹತ್ತಿರದ್ದನ್ನು ಆರಿಸಿ ಮಂದ್ರಕ್ಕೆ ಇಳಿಯುತ್ತದೆ. ತಂಬೂರಿಯಲ್ಲಿ ನಾವು ದಿನವೂ ಕೇಳುವ ಸ–ಪ ಅಂತರವೇ ಇಲ್ಲಿ ಮೊದಲ ಎಡವು. ಕಂಟ್ರೋಲ್ ಹಿಡಿದು ಮೇಲ್ಬಾಣ ಒತ್ತಿದರೆ ಒಂದು ಸ್ಥಾಯಿ ಏರುತ್ತದೆ. ಈ ಜಿಗಿತಗಳನ್ನು ದಾಟು ವರಸೆ ಸಾಲುಸಾಲಾಗಿ ಕೊಡುತ್ತದೆ; ಅದಕ್ಕೂ ಮೊದಲು ಜಂಟಿ ವರಸೆ ಬಂದರೆ ಹಿಂದಿನ ಸ್ವರವನ್ನೇ ಮತ್ತೆ ಕೊಡುವ ಆರ್ ಕೀಲಿಗೂ ಕೆಲಸ ಸಿಗುತ್ತದೆ. ಆಮೇಲೆ ಸಪ್ತತಾಳದ ಅಲಂಕಾರಗಳು: ಧ್ರುವಕ್ಕೆ 14, ಮಠ್ಯಕ್ಕೆ 10, ರೂಪಕಕ್ಕೆ 6 ಎಂದು ಬಾರಿನ ಅಳತೆ ಬದಲಿಸುವುದು ಅಲ್ಲಿ ತಾನಾಗಿ ಬರುತ್ತದೆ. ಜೂನಿಯರ್ ಪರೀಕ್ಷೆಗೆ ಓದುವ ಮಕ್ಕಳಿಗೆ ಇವೆಲ್ಲ ಗೊತ್ತಿರುವ ವಿಷಯವೇ. ಹೊಸದೆಂದರೆ ಬೆರಳು ಮಾತ್ರ.

ರಾಗದ ಬಗ್ಗೆ ಒಂದು ಎಚ್ಚರಿಕೆ. ಸರಳೆ ವರಸೆಯ ಮಾಯಾಮಾಳವಗೌಳಕ್ಕೆ ರಿಷಭವೂ ಧೈವತವೂ ಅರ್ಧಸ್ವರ ಇಳಿದಿರಬೇಕು, ಉಳಿದವು ಬಿಳಿ ಮನೆಗಳೇ. ಡಿ ಒತ್ತಿ ಕೆಳಬಾಣ ಒತ್ತಿದರೆ ಶುದ್ಧ ರಿಷಭ. ಪ್ರತಿ ಸಲ ಹೀಗೆ ಮಾಡುವುದು ಬೇಸರವೆನಿಸಿ ಸಾಲಿನ ಆರಂಭದಲ್ಲೇ ಏರಿಕೆ ಇಳಿಕೆಗಳನ್ನು ಸೂಚಿಸುವ, ಸಿದ್ಧವಾಗಿರುವ ಪಾಶ್ಚಾತ್ಯ ಕೀ ಸಿಗ್ನೇಚರುಗಳಲ್ಲಿ ಹುಡುಕಿದರೆ ಈ ರಾಗಕ್ಕೆ ಹೊಂದುವುದು ಸಿಗುವುದಿಲ್ಲ. ಹೊಳೆನರಸೀಪುರದ ಮುಂದೆ ಹರಿಯುವ ಹೇಮಾವತಿಯ ಹೆಸರಿನ ರಾಗದ ಕಥೆಯೂ ಇದೇ; ಅದು 58ನೆಯ ಮೇಳ. ಅದರಲ್ಲಿ ಗಾಂಧಾರ, ನಿಷಾದಗಳು ಇಳಿದಿವೆ, ಮಧ್ಯಮ ಏರಿದೆ. ಏರಿಕೆ ಇಳಿಕೆ ಎರಡನ್ನೂ ಬೆರೆಸುವ ಸಿಗ್ನೇಚರು ಆ ಪದ್ಧತಿಯಲ್ಲಿ ರೂಢಿಯಲ್ಲಿಲ್ಲ. ನಮ್ಮದೇ ಸಿಗ್ನೇಚರನ್ನು ಮಾಡಿಕೊಳ್ಳುವ ಅವಕಾಶ ತಂತ್ರಾಂಶದಲ್ಲಿದೆ, ಆದರೆ ಹೊಸಬರು ಮೊದಮೊದಲು ಸಿಗ್ನೇಚರಿಲ್ಲದೆ, ಪ್ರತಿ ಸ್ವರದ ಪಕ್ಕದಲ್ಲೇ ಗುರುತು ಹಾಕಿ ಬರೆಯಲಿ. ಪುಟ ಸ್ವಲ್ಪ ತುಂಬಿದಂತೆ ಕಂಡರೂ ಯಾವ ರಿಷಭ, ಯಾವ ಧೈವತ ಎಂಬುದು ಬೆರಳಿಗೆ ತಿಳಿಯುತ್ತದೆ.

ಕನ್ನಡ ಸ್ವರಲಿಪಿ ಇರುವಾಗ ಐದು ಗೆರೆಯ ಪರದೇಶಿ ಲಿಪಿ ಏಕೆ ಎಂಬ ಪ್ರಶ್ನೆಗೆ ತೂಕವಿದೆ. ಹಾಡುವವರಿಗೆ ನಮ್ಮ ಲಿಪಿಯೇ ಸಾಕು, ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಅದನ್ನು ಕೂರಿಸುವುದು ಕಷ್ಟ. ಕನ್ನಡ ಅಕ್ಷರದ ನೆತ್ತಿಯ ಮೇಲೆ ಗುಡಿಸು, ಕೆಳಗೆ ಒತ್ತು. ಸ್ಥಾಯಿಯ ಚುಕ್ಕೆ, ಕಾಲದ ಗೆರೆ ಅಲ್ಲೇ ಬಂದು ಡಿಕ್ಕಿ ಹೊಡೆಯುತ್ತವೆ, ಫಾಂಟು ಬದಲಾದರೆ ಎಲ್ಲೋ ಹಾರಿಹೋಗುತ್ತವೆ. ಎರಡನ್ನೂ ಕೂಡಿಸಬಹುದು: ಮೇಲೆ ಐದು ಗೆರೆ, ಅದರ ಕೆಳಗೆ ಸಾಹಿತ್ಯ ಬರೆಯುವ ಜಾಗದಲ್ಲಿ ಕನ್ನಡದಲ್ಲಿ ಸ ರಿ ಗ ಮ, ಅದರ ಕೆಳಗಿನ ಸಾಲಿನಲ್ಲಿ ಹಾಡಿನ ಮಾತು. ನಮ್ಮ ಲಿಪಿ ಅಕ್ಷರಕ್ಕೊಂದು ಸ್ವರವನ್ನು ಒಪ್ಪುವಂತೆಯೇ ಇದೆ. ಹೇ ಮಾ ವ ತಿ ಎಂದು ಬಿಡಿಸಲು ವ್ಯಾಕರಣ ನೋಡಬೇಕಿಲ್ಲ. ಪರದೇಶಿ ಎಂಬ ಮಾತಿಗೆ ನಮ್ಮ ಹಳೆಯ ಮೈಸೂರು ಸಂಸ್ಥಾನವೇ ಉತ್ತರ ಕೊಟ್ಟಿದೆ. ಅರಮನೆಯಲ್ಲಿ ಕರ್ನಾಟಕ ವಾದ್ಯಗಳ ಮೇಳವೂ ಇಂಗ್ಲಿಷ್ ಬ್ಯಾಂಡೂ ಇದ್ದವು. 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ಪಾಶ್ಚಾತ್ಯ ಪಿಯಾನೊ ಕಲಿತವರು. ಮದರಾಸಿನಲ್ಲಿ ಚಿನ್ನಸ್ವಾಮಿ ಮೊದಲಿಯಾರರು 1890ರ ದಶಕದಲ್ಲೇ ನಮ್ಮ ಕೃತಿಗಳನ್ನು ಐದು ಗೆರೆಗೆ ಇಳಿಸಿದ್ದರು.

ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪ ಗಮಕದ್ದು. ತೋಡಿಯ ಗಾಂಧಾರವನ್ನು ಯಾವ ಗೆರೆಯ ಮೇಲೆ ಇಡುತ್ತೀರಿ? ಇಡಲಾಗುವುದಿಲ್ಲ ಎಂಬುದೇ ನನ್ನ ಉತ್ತರವೂ. 1904ರಲ್ಲಿ ಎಟ್ಟಯಾಪುರದಲ್ಲಿ ಅಚ್ಚಾದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸುಬ್ಬರಾಮ ದೀಕ್ಷಿತರು ಗಮಕಕ್ಕೆಂದೇ ಚಿಹ್ನೆಗಳನ್ನು ಕೊಟ್ಟರು; ಆ ಚಿಹ್ನೆಗಳೂ ಕೇಳಿದ್ದವರಿಗೆ ನೆನಪು ಮಾಡುತ್ತವೆಯೇ ಹೊರತು ಕೇಳದವರಿಗೆ ಕಲಿಸುವುದಿಲ್ಲ. ನಾವು ದಿನವೂ ಬಳಸುವ ಕನ್ನಡ ಸ್ವರಲಿಪಿಯಲ್ಲೂ ಗಮಕ ಇಲ್ಲ, ಆದರೂ ಅದನ್ನು ಯಾರೂ ದೂರುವುದಿಲ್ಲ, ಏಕೆಂದರೆ ಪಾಠಾಂತರ ಗುರುವಿನ ಬಾಯಲ್ಲಿದೆಯೆಂದು ಎಲ್ಲರಿಗೂ ಗೊತ್ತು. ತಂತ್ರಾಂಶದಲ್ಲಿ ಅಪಾಯ ಬೇರೆ ಕಡೆಯಿಂದ ಬರುತ್ತದೆ: ಅದು ಬರೆದದ್ದನ್ನು ನುಡಿಸಿ ತೋರಿಸುತ್ತದೆ. ಚಪ್ಪಟೆಯಾಗಿ ನಿಂತ ಆ ರಿಷಭವನ್ನು ಮಗು ಹತ್ತು ಸಲ ಕೇಳಿದರೆ ಅದೇ ರಿಷಭವೆಂದು ನಂಬುತ್ತದೆ. ಬರೆದವರು ಆ ಧ್ವನಿಯನ್ನು ಲೆಕ್ಕ ಸರಿಯಿದೆಯೇ ಎಂದು ನೋಡಲು ಮಾತ್ರ ಬಳಸಲಿ. ಕಲಿಯುವವರ ಕೈಗೆ ಫೈಲನ್ನು ಕೊಡದೆ ಕಾಗದವನ್ನು ಕೊಡಲಿ. ಆ ಕಾಗದವನ್ನು ಮುದ್ರಿಸುವಾಗ ಸಾಲಿಗೂ ಸಾಲಿಗೂ ನಡುವೆ ತಂತ್ರಾಂಶ ತಾನಾಗಿ ಬಿಡುವುದಕ್ಕಿಂತ ಎರಡು ಬೆರಳು ಹೆಚ್ಚು ಜಾಗ ಬಿಡಿ, ಗುರುಗಳು ಪೆನ್ಸಿಲಿನಲ್ಲಿ ಜಾರು, ಕಂಪಿತಗಳನ್ನು ಗುರುತು ಹಾಕಲು.