ಡಗ್ಗಾ ಕೇಳಲು ಸಬ್‌ವೂಫರ್ ಬೇಕೇ?

ಪ್ರಶ್ನೆ: ನಾನು ಧಾರವಾಡದಲ್ಲಿರುವ ನಿವೃತ್ತ ಬ್ಯಾಂಕ್ ನೌಕರ. ಸಂಗೀತ ಕೇಳುವುದೊಂದೇ ಹವ್ಯಾಸ. ಹೆಚ್ಚಾಗಿ ಮನ್ಸೂರರು, ಗಂಗೂಬಾಯಿ, ಭೀಮಸೇನರು. ನಡುನಡುವೆ ಹಳೆಯ ಸಿನಿಮಾ ಹಾಡು. ಮೂವತ್ತು ವರ್ಷದ ಆಂಪ್ಲಿಫೈಯರ್ ಇನ್ನೂ ಚೆನ್ನಾಗಿದೆ, ಆದರೆ ಸ್ಪೀಕರಿನ ಕೋನಿನ ಅಂಚಿಗಿರುವ ಫೋಮ್ ಪುಡಿಪುಡಿಯಾಗಿ ಉದುರುತ್ತಿದೆ. ಪುಣೆಯಲ್ಲಿರುವ ಮಗ “ಅದನ್ನೆಲ್ಲ ಗುಜರಿಗೆ ಹಾಕಿ ಆಕ್ಟಿವ್ ಸ್ಪೀಕರ್ ತಗೊಳ್ರಿ” ಅನ್ನುತ್ತಾನೆ. ಅಂಗಡಿಯವರು ಜೊತೆಗೆ 12 ಇಂಚಿನ ಸಬ್‌ವೂಫರ್ ಇಲ್ಲದಿದ್ದರೆ ಸೆಟ್ ಪೂರ್ತಿಯಾಗುವುದಿಲ್ಲ ಅನ್ನುತ್ತಾರೆ. 80 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಕೋಣೆ 12ಕ್ಕೆ 12 ಅಡಿ, ಆರ್‌ಸಿಸಿ ಛಾವಣಿ, ಟೈಲ್ಸ್ ನೆಲ. ನಾವು ಮಹಡಿಯ ಮೇಲಿದ್ದೇವೆ. ಕೆಳಗೆ ಬಾಡಿಗೆಗಿರುವವರ ಮನೆಯಲ್ಲಿ ಕೂಸಿದೆ. “ಗಣಪತಿ ಹಬ್ಬದ ಡಿಜೆ ಮನೆಯೊಳಗೇ ಬಂದು ಕೂರುತ್ತದೆ” ಎಂದು ನನ್ನ ಹೆಂಡತಿಗೆ ಭಯ. ಹಳೆಯ ಆಂಪ್ಲಿಫೈಯರನ್ನೇ ಹೊಸ ಸ್ಪೀಕರಿಗೆ ಜೋಡಿಸಬಹುದೇ? ಸಬ್‌ವೂಫರ್ ತೆಗೆದುಕೊಳ್ಳಲೇ?

ಉತ್ತರ: ಜೋಡಣೆಯ ಮಾತು ಮೊದಲು ಆಗಲಿ, ಏಕೆಂದರೆ ಅಲ್ಲಿ ಎಡವಿದರೆ ಹೊಸ ಸ್ಪೀಕರೇ ಸುಟ್ಟುಹೋಗಬಹುದು. ಆಕ್ಟಿವ್ ಸ್ಪೀಕರಿನ ಹೊಟ್ಟೆಯಲ್ಲೇ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದದ್ದು ಸಣ್ಣ ಸಿಗ್ನಲ್ ಮಾತ್ರ. ನಿಮ್ಮ ಹಳೆಯ ಆಂಪ್ಲಿಫೈಯರಿನ ಹಿಂದೆ ಸ್ಪೀಕರ್ ವೈರ್ ಸಿಕ್ಕಿಸುವ ಕೆಂಪು–ಕಪ್ಪು ಟರ್ಮಿನಲ್‌ಗಳಿಂದ ಬರುವುದು ಅದರ ಹತ್ತಾರು ಪಟ್ಟು ದೊಡ್ಡ ವೋಲ್ಟೇಜ್. ಅದನ್ನು ಯಾವ ಕಾರಣಕ್ಕೂ ಹೊಸ ಸ್ಪೀಕರಿಗೆ ಕೊಡಬೇಡಿ. ಹಿಂಬದಿಯಲ್ಲಿ ‘ಪ್ರೀ ಔಟ್’ ಎಂದು ಬರೆದಿರುವ ಸಾಕೆಟ್ ಇದೆಯೇ ನೋಡಿ. ಇದ್ದರೆ ನಿಮ್ಮ ಅದೃಷ್ಟ, ಅಲ್ಲಿಂದ ಜೋಡಿಸಬಹುದು, ವಾಲ್ಯೂಮ್ ಗುಬುಟು ಮೊದಲಿನಂತೆಯೇ ಕೆಲಸ ಮಾಡುತ್ತದೆ. ‘ಟೇಪ್ ಔಟ್’ ಮಾತ್ರ ಇದ್ದರೆ ಉಪಯೋಗವಿಲ್ಲ. ಆ ಸಿಗ್ನಲ್ ವಾಲ್ಯೂಮ್ ಗುಬುಟಿನ ಮಾತು ಕೇಳುವುದಿಲ್ಲ. ಆಗ ವಾಲ್ಯೂಮ್ ನಿಯಂತ್ರಣ ಇರುವ ಒಂದು ಸಣ್ಣ ಡ್ಯಾಕ್ (ಡಿಜಿಟಲ್ ಹಾಡನ್ನು ಸ್ಪೀಕರಿಗೆ ಒಪ್ಪುವ ಸಿಗ್ನಲ್ಲಾಗಿ ಬದಲಿಸುವ ಪೆಟ್ಟಿಗೆ) ಅಥವಾ ಪ್ರೀ ಆಂಪ್ಲಿಫೈಯರ್ ತೆಗೆದುಕೊಳ್ಳಿ.

ಹಾಗೆಂದು ಹಳೆಯದನ್ನು ಗುಜರಿಗೆ ಹಾಕಬೇಕಿಲ್ಲ. ಕೋನು ಹರಿಯದೆ ಅಂಚಿನ ಫೋಮ್ ಮಾತ್ರ ಉದುರಿದ್ದರೆ ಸ್ಪೀಕರ್ ರಿಪೇರಿ ಮಾಡುವವರು ಹೊಸದು ಅಂಟಿಸಿಕೊಡುತ್ತಾರೆ. ಖರ್ಚು ಹೊಸ ಸ್ಪೀಕರಿನ ಸಣ್ಣ ಪಾಲು. ಮಲಗುವ ಕೋಣೆಯಲ್ಲೊಂದು ಸೆಟ್ ಇದ್ದರೆ ಯಾರಿಗೆ ಬೇಡ?

ಮಗ ಹೇಳುತ್ತಿರುವುದರಲ್ಲಿ ಹುರುಳಿದೆ. ಮಾಮೂಲಿ ಸ್ಪೀಕರಿನಲ್ಲಿ ಆಂಪ್ಲಿಫೈಯರಿನಿಂದ ಬಂದ ಪೂರ್ತಿ ಶಕ್ತಿಯನ್ನು ಪೆಟ್ಟಿಗೆಯೊಳಗಿನ ಕಾಯಿಲ್, ಕೆಪಾಸಿಟರುಗಳು ತಗ್ಗು ಸ್ವರದ ವೂಫರಿಗಿಷ್ಟು, ಏರು ಸ್ವರದ ಟ್ವೀಟರಿಗಿಷ್ಟು ಎಂದು ಹಂಚುತ್ತವೆ. ಆ ಹಂಚಿಕೆಯಲ್ಲೇ ಒಂದಿಷ್ಟು ಸೋರಿಹೋಗುತ್ತದೆ. ಆಕ್ಟಿವ್‌ನಲ್ಲಿ ಸಿಗ್ನಲ್ ಸಣ್ಣದಿರುವಾಗಲೇ ಹಂಚಿ, ವೂಫರಿಗೊಂದು, ಟ್ವೀಟರಿಗೊಂದು ಬೇರೆ ಬೇರೆ ಆಂಪ್ಲಿಫೈಯರ್ ಕೊಟ್ಟಿರುತ್ತಾರೆ. ಸ್ಟುಡಿಯೊಗಳಲ್ಲಿ ಇದು ಹೊಸದಲ್ಲ. ಫಿನ್ಲೆಂಡಿನ ಜೆನೆಲೆಕ್ 1978ರಲ್ಲಿ ಶುರುವಾದದ್ದೇ ಆ ದೇಶದ ರೇಡಿಯೊ ಸಂಸ್ಥೆಗೆ ಇಂಥ ಸ್ಪೀಕರ್ ಮಾಡಿಕೊಡಲು. ನಮ್ಮ ಕೋಲ್ಕತ್ತದ ಸೋನೋಡೈನ್ ಕೂಡ ತಯಾರಿಸಿದೆ. ಅಂಗಡಿಯಲ್ಲಿ ಒಂದು ಎಚ್ಚರ: ಒಂದೇ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್ ಇಟ್ಟು, ಇನ್ನೊಂದಕ್ಕೆ ಬರೀ ವೈರ್ ಎಳೆಯುವ ಜೋಡಿಯನ್ನೂ ಆಕ್ಟಿವ್ ಎಂದೇ ಮಾರುತ್ತಾರೆ. ಅದು ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ನಿಜವಾದ ಆಕ್ಟಿವ್‌ನ ಬೆಲೆ ಕೊಡಬೇಡಿ.

ಇನ್ನು ಸಬ್‌ವೂಫರ್. ನೀವು ಕೇಳುವ ಸಂಗೀತ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕೋಣ. ಗಂಡು ದನಿಯ ಷಡ್ಜ ಹಾರ್ಮೋನಿಯಮ್ಮಿನ ಕರಿ ಒಂದರಲ್ಲಿದ್ದರೆ ತಂಬೂರಿಯ ಖರ್ಜದ ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ತಬಲಾ ಜೋಡಿಯ ಡಗ್ಗಾದ ಗುಂಯ್‌ಕಾರವೂ ಆ ಆಸುಪಾಸಿನದೇ. ಆರೂವರೆ ಇಂಚಿನ ವೂಫರ್ ಇರುವ ಒಳ್ಳೆಯ ಆಕ್ಟಿವ್ ಸ್ಪೀಕರ್ 45–50 ಹರ್ಟ್ಸ್‌ವರೆಗೆ ಸರಾಗವಾಗಿ ಇಳಿಯುತ್ತದೆ. ಅಂದರೆ ನಿಮ್ಮ ಭೀಮಸೇನರು ಸಬ್‌ವೂಫರ್ ಇಲ್ಲದೆಯೇ ಪೂರ್ತಿ ಬಂದರು. ಹಳೆಯ ಧ್ವನಿಮುದ್ರಿಕೆಗಳಲ್ಲಂತೂ ಅದಕ್ಕಿಂತ ಕೆಳಗೆ ಸಿಗುವುದು ಹೆಚ್ಚಾಗಿ ಟರ್ನ್‌ಟೇಬಲ್ಲಿನ ಗೊರಗೊರ ಮತ್ತು ಕರೆಂಟಿನ ಗುಂಯ್. ಸಬ್‌ವೂಫರ್ ಅದನ್ನೂ ನಿಷ್ಠೆಯಿಂದ ಕೇಳಿಸುತ್ತದೆ. ಇಂದಿನ ಸಿನಿಮಾ ನೋಡುವವರಿಗೆ, ಚರ್ಚ್ ಆರ್ಗನ್ ಕೇಳುವವರಿಗೆ ಅದರ ಅಗತ್ಯವೇ ಬೇರೆ. ನಿಮಗೆ ಈಗ ಬೇಡ.

ಬೇಡ ಅನ್ನಲು ಇನ್ನೊಂದು ಕಾರಣ ನಿಮ್ಮ ಕೋಣೆ. 12 ಅಡಿ ಎಂದರೆ 3.66 ಮೀಟರ್. ಸೆಕೆಂಡಿಗೆ 343 ಮೀಟರ್ ಓಡುವ ಶಬ್ದದ ಅರ್ಧ ಅಲೆ ಆ ಎರಡು ಗೋಡೆಗಳ ನಡುವೆ ಸರಿಯಾಗಿ ಕೂರುವುದು 47 ಹರ್ಟ್ಸ್‌ನಲ್ಲಿ. ಆ ಸ್ವರ ಬಂದಾಗೆಲ್ಲ ಕೋಣೆಯೇ ದನಿಗೂಡಿಸುತ್ತದೆ. ಉದ್ದ, ಅಗಲ ಎರಡೂ ಒಂದೇ ಆದ್ದರಿಂದ ನಿಮ್ಮಲ್ಲಿ ಅದು ದುಪ್ಪಟ್ಟು ಹಟ ಹಿಡಿಯುತ್ತದೆ. ಚೌಕಾಕಾರದ ಕೋಣೆ ವಾಸ್ತುವಿನವರಿಗೆ ಇಷ್ಟವಿರಬಹುದು, ಬೇಸ್‌ಗೆ ಅದರಷ್ಟು ವೈರಿ ಬೇರೆ ಇಲ್ಲ. ಹಳೆಯ ಮಣ್ಣಿನ ಮಾಳಿಗೆ ಮನೆಗಳು ಒಂದಿಷ್ಟನ್ನು ನುಂಗಿಕೊಳ್ಳುತ್ತಿದ್ದವು. ಆರ್‌ಸಿಸಿ ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಇಂಥಲ್ಲಿ 12 ಇಂಚಿನ ಸಬ್ಬನ್ನು ಮೂಲೆಯಲ್ಲಿಟ್ಟರೆ ನಿಮ್ಮ ಮನೆಯವರ ಭಯ ಅಕ್ಷರಶಃ ನಿಜವಾಗುತ್ತದೆ.

ಆದ್ದರಿಂದ ಹಣದ ದೊಡ್ಡ ಪಾಲನ್ನು ಸ್ಪೀಕರ್ ಜೋಡಿಗೆ ಹಾಕಿ, ಉಳಿದದ್ದರಲ್ಲಿ ಡ್ಯಾಕ್ ಮತ್ತು ಗಟ್ಟಿಯಾದ ಎರಡು ಸ್ಟ್ಯಾಂಡ್ ಬರಲಿ. ಶೋಕೇಸಿನೊಳಗೆ ಮಾತ್ರ ಇಡಬೇಡಿ. ಹಿಂದಿನ ಗೋಡೆಯಿಂದ ಎರಡಡಿ ಮುಂದೆ, ಟ್ವೀಟರ್ ಕಿವಿಯ ಮಟ್ಟಕ್ಕೆ, ಎರಡು ಸ್ಪೀಕರಿನ ನಡುವೆ ಆರಡಿ. ಅಷ್ಟೇ ದೂರದಲ್ಲಿ ನಿಮ್ಮ ಕುರ್ಚಿ. ಆಗ ಕುರ್ಚಿಯ ಹಿಂದೆ ಇನ್ನೂ ನಾಲ್ಕಡಿ ಉಳಿಯುತ್ತದೆ, ಅದು ಒಳ್ಳೆಯದೇ: ಗೋಡೆಗೆ ಒರಗಿ ಕೂತರೆ ಬೇಸ್ ಮೈಮೇಲೆ ಬೀಳುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಆ 47 ಹರ್ಟ್ಸ್ ಕೇಳಿಸುವುದೇ ಕಷ್ಟ. ನವಲಗುಂದದ ಜಮಖಾನ ಇದ್ದರೆ ಟೈಲ್ಸ್ ಮೇಲೆ ಹಾಸಿ, ಕುರ್ಚಿಯ ಹಿಂದಿನ ಗೋಡೆಗೊಂದು ಕೌದಿ ತೂಗುಬಿಡಿ. ಇವು ಬೇಸನ್ನು ತಡೆಯುವುದಿಲ್ಲ, ಆದರೆ ಗಾಯಕರ ದನಿಯ ಸುತ್ತ ಇರುವ ಕಿಣಿಕಿಣಿ ಇಳಿದು ಮಾತು ಸ್ಪಷ್ಟವಾಗುತ್ತದೆ. ಸ್ಪೀಕರಿನ ಬೆನ್ನಿಗೆ ಬೇಸ್ ತಗ್ಗಿಸುವ ಪುಟ್ಟ ಸ್ವಿಚ್ಚುಗಳಿದ್ದರೆ ಅವನ್ನೂ ಆಡಿಸಿ ನೋಡಿ.

ಒಂದೆರಡು ತಿಂಗಳು ಹೀಗೇ ಕೇಳಿ. ಆಮೇಲೂ ಏನೋ ಕಡಿಮೆ ಅನ್ನಿಸಿದರೆ, ಅಥವಾ ರಜೆಗೆ ಬಂದ ಮೊಮ್ಮಕ್ಕಳು ಸಿನಿಮಾ ಹಾಕಿ ಪೀಡಿಸಿದರೆ, 8 ಇಂಚಿನ, ರಂಧ್ರವಿಲ್ಲದ ಮುಚ್ಚಿದ ಪೆಟ್ಟಿಗೆಯ ಸಬ್ ನೋಡಿ. ಒಂದು ದೊಡ್ಡದಕ್ಕಿಂತ ಎರಡು ಸಣ್ಣವು ಮೇಲು. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು: ಎದುರುಬದುರು ಗೋಡೆಗಳ ಮಧ್ಯಬಿಂದುವಿನಲ್ಲಿ ಒಂದೊಂದು ಇಟ್ಟರೆ, ಕೋಣೆಯ ಹಟವನ್ನು ಅವು ಬಹುಮಟ್ಟಿಗೆ ಪರಸ್ಪರ ಅಳಿಸಿಹಾಕುತ್ತವೆ. ಒಂದೇ ಸಾಕು ಎಂದಾದರೆ ಜಾಗ ಹುಡುಕಲು ಒಂದು ತಮಾಷೆಯ ಉಪಾಯವಿದೆ. ಸಬ್ಬನ್ನು ನಿಮ್ಮ ಕುರ್ಚಿಯ ಮೇಲೆ ಕೂರಿಸಿ, ಬೇಸ್ ಗಿಟಾರ್ ಇರುವ ಹಾಡು ಹಾಕಿ, ಗೋಡೆಯ ಗುಂಟ ನೆಲದ ಮಟ್ಟದಲ್ಲಿ ಕಿವಿಯಿಟ್ಟು ಅಂಬೆಗಾಲಲ್ಲಿ ಸುತ್ತಬೇಕು. ಎಲ್ಲ ಸ್ವರಗಳೂ ಎಲ್ಲಿ ಒಂದೇ ಸಮ ಕೇಳುತ್ತವೋ ಅಲ್ಲಿ ಸಬ್ ಇಡಬೇಕು. ಮಂಡಿನೋವಿದ್ದರೆ ಈ ಕೆಲಸ ಮೊಮ್ಮಕ್ಕಳಿಗೆ ವಹಿಸಿ.

ಸಬ್ ಎಷ್ಟು ಹರ್ಟ್ಸ್‌ನಿಂದ ಕೆಳಗೆ ದುಡಿಯಬೇಕೆಂದು ತೀರ್ಮಾನಿಸುವ ಕ್ರಾಸ್‌ಓವರ್ ಗುಬುಟನ್ನು 60ರ ಹತ್ತಿರ ಇಟ್ಟು ಶುರುಮಾಡಿ, 80 ದಾಟಬೇಡಿ. ಅದಕ್ಕಿಂತ ಮೇಲೆ ಹೋದರೆ ಶಬ್ದ ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗತೊಡಗುತ್ತದೆ. ಫೇಸ್ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬೇರೊಬ್ಬರು ತಿರುಗಿಸಲಿ, ಕುರ್ಚಿಯಲ್ಲಿ ಕೂತ ನಿಮಗೆ ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದನ್ನು ಉಳಿಸಿಕೊಳ್ಳಿ. ಲೆವೆಲ್ ಏರಿಸುತ್ತಾ ಹೋಗಿ, ಸಬ್ ಇದೆ ಎಂದು ಗೊತ್ತಾದ ಕೂಡಲೇ ಸ್ವಲ್ಪ ಇಳಿಸಿ. ಕೆಳಗಿನ ಮನೆಗೆ ಸ್ಲ್ಯಾಬ್ ತೂರಿ ಹೋಗುವುದು ಬೇಸ್ ಮಾತ್ರ. ಅಡಿಯಲ್ಲಿ ರಬ್ಬರ್ ಹಾಸಿದರೂ ಪೂರ್ತಿ ನಿಲ್ಲುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಸಬ್ ಆಫ್ ಮಾಡುತ್ತೇವೆ ಎಂದು ಅವರಿಗೆ ಮೊದಲೇ ಹೇಳಿಬಿಡಿ. ಕೂಸಿನ ತಾಯಿ ನೆನೆಸಿಕೊಳ್ಳುತ್ತಾಳೆ.

ಕೊನೆಗೆ ಕರೆಂಟಿನ ಮಾತು, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎರಡು ಸ್ಪೀಕರಿಗೂ ಒಂದೊಂದು ಪ್ಲಗ್ ಬೇಕು. ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ, ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಟಿವಿಯ ಕೇಬಲ್ ಸಿಕ್ಕಿಸಿದ ಮೇಲೆ ಗುಂಯ್ ಶುರುವಾದರೆ ಆ ಕೇಬಲ್ ಬಿಚ್ಚಿ ನೋಡಿ, ತಪ್ಪು ಅಲ್ಲೇ ಇರಬಹುದು. ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೆಯ ಪಿನ್ ಮುರಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಪ್ರಾಣಕ್ಕೆ ಅಪಾಯ. ಮನೆಯ ಇನ್ವರ್ಟರ್ ಸೈನ್ ವೇವ್ ಮಾದರಿಯದಲ್ಲದಿದ್ದರೆ ಸ್ಪೀಕರನ್ನು ಆ ಲೈನಿಗೆ ಕೊಡಬೇಡಿ, ಕರೆಂಟು ಹೋದಾಗ ರೇಡಿಯೊ ಕೇಳಿ.

ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ಒಂದು ಖಯಾಲ್ ಪೆನ್‌ಡ್ರೈವಿನಲ್ಲಿ ಇರಲಿ. ಅಲ್ಲಿಯವರು ಹಾಕುವ ಡೆಮೊ ಹಾಡಿನಲ್ಲಿ ಎಲ್ಲ ಸ್ಪೀಕರುಗಳೂ ಚೆನ್ನಾಗಿಯೇ ಕೇಳುತ್ತವೆ. ಮನೆಯಲ್ಲಿ ಒಂದು ವಾರ ಇಟ್ಟು ಹಿಂದಿರುಗಿಸಲು ಒಪ್ಪುವ ಅಂಗಡಿ ಸಿಕ್ಕರೆ, ಬೆಲೆ ಒಂದೆರಡು ಸಾವಿರ ಹೆಚ್ಚಾದರೂ ಅಲ್ಲೇ ಕೊಳ್ಳಿ.