ಸಂಘದ ಮಾತಾಡುವ ಪೆಟ್ಟಿಗೆ: ವೈರಿಂಗ್ ಮಾಡಿಸುವ ಮುನ್ನ



ಕಾಲುಬಾಯಿ ಜ್ವರದ ಲಸಿಕೆಯ ದಿನ ನಮಗೆ ಗೊತ್ತೇ ಆಗಲಿಲ್ಲ ಎಂಬ ಮಾತನ್ನು ಪ್ರತಿ ಸುತ್ತಿನಲ್ಲೂ ಕೇಳುತ್ತೇನೆ. ಗೋಡೆಗೆ ಚೀಟಿ ಅಂಟಿಸಿದರೆ ಓದುವವರು ಕಡಿಮೆ. ಹಾಲು ಅಳೆಯುವ ಗಡಿಬಿಡಿಯಲ್ಲಿ ಕಾರ್ಯದರ್ಶಿಗಳು ತಾನೇ ಎಷ್ಟು ಜನಕ್ಕೆ ಹೇಳಿಯಾರು? ಅದಕ್ಕೆಂದೇ ಕೆಲವು ಸಂಘಗಳು ಧ್ವನಿ ಸಂದೇಶದ ಮಾಡ್ಯೂಲ್ ಹಾಕಿಸಿವೆ. ಮೆಮೊರಿ ಕಾರ್ಡಿನಲ್ಲಿ ಮಾತು ತುಂಬಿಟ್ಟರೆ, ಗುಂಡಿ ಒತ್ತಿದಾಗ ಸ್ಪೀಕರಿನಲ್ಲಿ ನುಡಿಯುತ್ತದೆ. ಒಳ್ಳೆಯ ಉಪಾಯ. ಕೆಡುವುದೆಲ್ಲ ಜೋಡಣೆಯಲ್ಲಿ.

ಒಂದು ಸಂಘದಲ್ಲಿ ಫ್ಯಾಟ್ ಯಂತ್ರದ 12 ವೋಲ್ಟ್ ಬ್ಯಾಟರಿಯಿಂದಲೇ ಇದಕ್ಕೂ ವೈರ್ ಎಳೆದಿದ್ದರು. ಸ್ಪೀಕರ್ ಮಾತು ಶುರು ಮಾಡಿದೊಡನೆ ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿದು, ಯಂತ್ರ ಪರೀಕ್ಷೆಯ ನಡುವೆಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಸಾಲಿನಲ್ಲಿದ್ದವರು ಸಂದೇಶ ಬಿಟ್ಟು ನಮ್ಮ ಫ್ಯಾಟ್ ಎಲ್ಲಿ ಎಂದು ಜಗಳಕ್ಕೆ ನಿಂತರು. ಎರಡೇ ದಿನಕ್ಕೆ ಪೆಟ್ಟಿಗೆ ಅಟ್ಟ ಸೇರಿತು. ಆ ಸಲ ಲಸಿಕೆಗೆ ಹನ್ನೊಂದು ಮನೆಯ ರಾಸುಗಳು ತಪ್ಪಿಹೋದವು.

ಆದ್ದರಿಂದ ಮಾಡ್ಯೂಲಿಗೆ ಬೇರೆಯೇ ಅಡಾಪ್ಟರ್ ಇರಲಿ. ಮಾಡ್ಯೂಲಿನ ಮೇಲೆ 12 ವೋಲ್ಟ್ ಡಿ.ಸಿ. ಎಂದಿದ್ದರೆ ಅಡಾಪ್ಟರ್ ಕೂಡ 12 ವೋಲ್ಟಿನದೇ ಆಗಬೇಕು. 10 ವ್ಯಾಟ್ ಸ್ಪೀಕರಿಗೆ 2 ಆಂಪಿಯರಿನದು ಧಾರಾಳ. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಮಾಡ್ಯೂಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟ್ ಹೆಚ್ಚಾದರೆ ಸುಡುತ್ತದೆ. ಪ್ಲಸ್, ಮೈನಸ್ ಅದಲುಬದಲಾದರೂ ಹಾಗೆಯೇ. ಮೀಟರಿನಲ್ಲಿ ನೋಡಿಯೇ ಜೋಡಿಸಿ. ಬ್ಯಾಟರಿಯಿಂದ ಕೊಡುವುದಾದರೆ ಪ್ಲಸ್ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ, 2 ಆಂಪಿಯರ್ ಫ್ಯೂಸ್ ಹಾಕಿಸಿ.

ಅಡಾಪ್ಟರ್ ಒಂದು ಕಡೆ, ಮಾಡ್ಯೂಲ್ ದೂರದ ಇನ್ನೊಂದು ಕಡೆ ಇಡುವವರಿದ್ದಾರೆ. 30 ಮೀಟರ್ ದೂರಕ್ಕೆ ಹೋಗಿ ಬರುವ ತಂತಿ 60 ಮೀಟರ್. 0.5 ಚದರ ಮಿ.ಮೀ. ತಾಮ್ರದ ತಂತಿಯಾದರೆ 1 ಆಂಪಿಯರ್ ಹರಿದಾಗ ದಾರಿಯಲ್ಲೇ ಸುಮಾರು 2 ವೋಲ್ಟ್ ಹೋಗುತ್ತದೆ. ಮಾತು ತೊದಲುವುದಕ್ಕೆ ಅಷ್ಟು ಸಾಕು. ಎರಡನ್ನೂ ಅಕ್ಕಪಕ್ಕ ಇಡಿ, ದೂರಕ್ಕೆ ಬೇಕಿದ್ದರೆ ಸ್ಪೀಕರಿನ ವೈರನ್ನು ದಪ್ಪದ್ದು ಹಾಕಿ ಎಳೆಯಿರಿ.

ಗುಂಡಿಯ ವಿಷಯದಲ್ಲೇ ಹೆಚ್ಚು ಮಾಡ್ಯೂಲ್ ಸುಟ್ಟಿರುವುದು. ಸಾಮಾನ್ಯವಾಗಿ ಅಲ್ಲಿ ಎರಡು ತಂತಿ ಒಂದಕ್ಕೊಂದು ಕೂಡಿದರೆ ಸಾಕು, ಹೊರಗಿನ ಕರೆಂಟ್ ಬೇಡ. ಮನೆಯ ಕಾಲಿಂಗ್ ಬೆಲ್ಲಿನಂತೆ 230 ವೋಲ್ಟ್ ತಂದು ಸೇರಿಸಿದರೆ ಮಾಡ್ಯೂಲಿನ ಕಥೆ ಮುಗಿಯಿತು, ಗುಂಡಿ ಮುಟ್ಟಿದವರಿಗೂ ಅಪಾಯ. ಬಿ.ಎಂ.ಸಿ. ಇರುವ ಸಂಘದಲ್ಲಿ ಉಷ್ಣಾಂಶ ನಿಯಂತ್ರಕದ ರಿಲೇಯಿಂದ, ವೋಲ್ಟೇಜ್ ಇಲ್ಲದ ಸಂಪರ್ಕದ ಮೂಲಕ, ಇದೇ ತಂತಿಗಳನ್ನು ಕೂಡಿಸಬಹುದು. ಹಾಲು 4 ಡಿಗ್ರಿಗಿಂತ ತೀರಾ ಮೇಲೇರಿದರೆ ಪೆಟ್ಟಿಗೆಯೇ ಕೂಗುತ್ತದೆ.

ಸ್ಪೀಕರ್ 8 ಓಮ್‌ನದಾದರೆ ಎರಡನ್ನು ಸಮಾಂತರವಾಗಿ ಜೋಡಿಸಿದಾಗ 4 ಓಮ್ ಆಗುತ್ತದೆ. ಮಾಡ್ಯೂಲ್ ಅದನ್ನು ತಾಳುವುದೇ ಎಂದು ಮೊದಲು ನೋಡಿ. ಸ್ಪೀಕರಿನ ಮೈನಸ್ ತಂತಿಯನ್ನು ಅರ್ತಿಗೋ ಪೆಟ್ಟಿಗೆಯ ಕಬ್ಬಿಣಕ್ಕೋ ಕಟ್ಟಬೇಡಿ.

ಇನ್ನು ನನ್ನ ಇಲಾಖೆಯ ಮಾತು. ಇದನ್ನು ಕೊಟ್ಟಿಗೆಯಲ್ಲೂ ಹಾಕಿಸುತ್ತೇವೆ ಎಂದು ಇಬ್ಬರು ಕೇಳಿದ್ದಾರೆ. 230 ವೋಲ್ಟ್ ಅಡಾಪ್ಟರನ್ನು ಕೊಟ್ಟಿಗೆಯ ಹೊರಗೆ, ಒಣ ಜಾಗದಲ್ಲಿ ಇಡಿ. ಆ ಲೈನಿಗೆ 30 ಮಿಲಿಆಂಪಿಯರ್ ಇ.ಎಲ್.ಸಿ.ಬಿ. ಇರಲಿ. ಹಸು ಒದ್ದೆ ನೆಲದ ಮೇಲೆ ನಾಲ್ಕೂ ಬರಿಗಾಲಲ್ಲಿ ನಿಂತಿರುತ್ತದೆ. ಚಪ್ಪಲಿ ಹಾಕಿದ ನಿಮಗೆ ಗೊತ್ತೇ ಆಗದ ಒಂದೆರಡು ವೋಲ್ಟ್ ಸೋರಿಕೆ ಅದಕ್ಕೆ ತಟ್ಟಬಹುದು. ನೀರಿನ ತೊಟ್ಟಿಯ ಬಳಿ ಹಿಂಜರಿಯುವುದು, ಕರೆಯುವಾಗ ಒದೆಯುವುದು, ಹಾಲು ಪೂರ್ತಿ ಇಳಿಸದಿರುವುದು ಕಂಡರೆ ಕೆಚ್ಚಲಿನ ಜೊತೆಗೆ ವೈರಿಂಗನ್ನೂ ಪರೀಕ್ಷೆ ಮಾಡಿಸಿ. ಇದಕ್ಕೆ ನನ್ನ ಬ್ಯಾಗಿನಲ್ಲಿ ಇಂಜೆಕ್ಷನ್ ಇಲ್ಲ. ಕರೆಯುವ ಹೊತ್ತಿನಲ್ಲಿ ಸ್ಪೀಕರ್ ಕೂಗಲೂಬಾರದು. ಹಠಾತ್ ಸದ್ದಿಗೆ ಹಸು ಬೆದರಿದರೆ ಸೊರೆ ಬಿಡುವುದಿಲ್ಲ.

ಸಂದೇಶ ಇಪ್ಪತ್ತು ಸೆಕೆಂಡು ಮೀರದಿರಲಿ, ಊರಿನವರದೇ ದನಿ ಇರಲಿ. ಲಸಿಕೆ ಮುಗಿದ ಸಂಜೆಯೇ ಆ ದಿನಾಂಕ ಅಳಿಸಿ, “ಹಾಲು ಕರೆದ ಮೇಲೆ ಅರ್ಧ ಗಂಟೆ ಹಸುವನ್ನು ಮಲಗಲು ಬಿಡಬೇಡಿ, ಮೊಲೆಯ ರಂಧ್ರ ಇನ್ನೂ ತೆರೆದಿರುತ್ತದೆ, ಕೆಚ್ಚಲು ಬಾವು ಬಂದೀತು” ಎಂಬುದನ್ನು ತುಂಬಿಸಿ.