ಎಂಟರ ಸೈಕಲಿಗೆ ಹತ್ತರ ಶಿಫ್ಟರ್

ಪ್ರಶ್ನೆ: ನನ್ನ ರೋಡ್ ಬೈಕಿನಲ್ಲಿರುವುದು ಶಿಮಾನೊ ಕ್ಲ್ಯಾರಿಸ್ ಆರ್2000, 8 ಸ್ಪೀಡ್. ಮುಂದೆ 50-34, ಹಿಂದೆ 11-28. ಹೊಸ ಸೈಕಲ್ ಕೊಂಡ ಗೆಳೆಯರೊಬ್ಬರು ತಮ್ಮ ಹಳೆಯ 105ರ (5700 ಸರಣಿ) 10 ಸ್ಪೀಡ್ ಶಿಫ್ಟರ್ ಜೋಡಿಯನ್ನು ಸುಮ್ಮನೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಚಾಮುಂಡಿ ಬೆಟ್ಟ ಹತ್ತುವಾಗ ಗೇರ್ ಸಾಲದೆ ಒದ್ದಾಡುತ್ತೇನೆ. ಶಿಫ್ಟರ್ ಮಾತ್ರ ಬದಲಿಸಿದರೆ ನಡೆಯುತ್ತದೆಯೇ? – ಓದುಗರು, ಮೈಸೂರು

ಶಿಫ್ಟರ್ ಮಾತ್ರ ಬದಲಿಸಿದರೆ ನಡೆಯುವುದಿಲ್ಲ. ಜೊತೆಗೆ ಕ್ಯಾಸೆಟ್, ಚೈನು ಎರಡನ್ನೂ 10 ಸ್ಪೀಡಿನದಾಗಿ ಹಾಕಿದರೆ ನಡೆಯುತ್ತದೆ; ಹಿಂದಿನ ಡಿರೇಲರ್ ಈಗಿರುವುದೇ ಸಾಕು. ಆದರೆ ಇಷ್ಟೆಲ್ಲ ಮಾಡಿದ ಮೇಲೂ ಬೆಟ್ಟ ಈಗ ಎಷ್ಟು ಕಷ್ಟವೋ ಅಷ್ಟೇ ಕಷ್ಟವಾಗಿರಬಹುದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಶಿಫ್ಟರಿಗೆ ಗೇರಿನ ಲೆಕ್ಕ ಗೊತ್ತಿಲ್ಲ. ಒಂದು ಕ್ಲಿಕ್ಕಿಗೆ ಕೇಬಲನ್ನು ಇಂತಿಷ್ಟು ಮಿಲಿಮೀಟರ್ ಎಳೆಯುವುದು, ಇಲ್ಲವೇ ಬಿಡುವುದು, ಅದರ ಕೆಲಸ ಅಷ್ಟೇ. ಆ ಎಳೆತವನ್ನು ಡಿರೇಲರ್ ತನ್ನ ಅನುಪಾತಕ್ಕೆ ತಕ್ಕಂತೆ ಹಿಗ್ಗಿಸಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ನಿಮ್ಮ ಕ್ಲ್ಯಾರಿಸ್ ಶಿಫ್ಟರ್ ಒಂದು ಕ್ಲಿಕ್ಕಿಗೆ ಎಳೆಯುವುದು ಸುಮಾರು 2.8 ಮಿ.ಮೀ. ಡಿರೇಲರಿನ ಅನುಪಾತ 1.7. ಗುಣಿಸಿದರೆ 4.76. 8 ಸ್ಪೀಡ್ ಕ್ಯಾಸೆಟ್ಟಿನಲ್ಲಿ ಒಂದು ಚಕ್ರದಿಂದ ಮುಂದಿನದಕ್ಕೆ ಇರುವ ದೂರ 4.8 ಮಿ.ಮೀ. ಲೆಕ್ಕ ಸರಿಹೋಯಿತು, ಗೇರ್ ಸದ್ದಿಲ್ಲದೆ ಕೂರುತ್ತದೆ. ಗೆಳೆಯರ 105 ಶಿಫ್ಟರ್ ಎಳೆಯುವುದು 2.3 ಮಿ.ಮೀ. ಮಾತ್ರ. ಅದನ್ನು 1.7ರಿಂದ ಗುಣಿಸಿದರೆ 3.9, 10 ಸ್ಪೀಡ್ ಕ್ಯಾಸೆಟ್ಟಿನ ಅಂತರವೂ 3.95.

ಈಗ ಹತ್ತರ ಶಿಫ್ಟರಿಗೆ ಎಂಟರ ಕ್ಯಾಸೆಟ್ ಕಟ್ಟಿ ನೋಡಿ. ಮೊದಲ ಕ್ಲಿಕ್ಕಿಗೆ 0.9 ಮಿ.ಮೀ. ಕಡಿಮೆ ಬೀಳುತ್ತದೆ. ಡಿರೇಲರಿನ ಮೇಲಿನ ಪುಟ್ಟ ಚಕ್ರಕ್ಕೆ ಸ್ವಲ್ಪ ಅಲುಗಾಟ ಬಿಟ್ಟಿರುತ್ತಾರಾದ್ದರಿಂದ ಕಟಕಟ ಅನ್ನುತ್ತಲೇ ಹೇಗೋ ಓಡೀತು. ಎರಡನೆಯದಕ್ಕೆ ಕೊರತೆ 1.8. ಮೂರನೆಯದಕ್ಕೆ 2.7, ಅಂದರೆ ಎರಡು ಹಲ್ಲುಚಕ್ರಗಳ ನಡುವಿನ ಅರ್ಧ ದಾರಿಯನ್ನೂ ಡಿರೇಲರ್ ತಲುಪಿಲ್ಲ. ಕೈಯಲ್ಲಿ ಕ್ಲಿಕ್ ಆಗಿದೆ, ಚೈನು ಕದಲಿಲ್ಲ. ಕೊನೆಯವರೆಗೆ ಹೋದರೆ ಒಟ್ಟು ದೂರ ಹೆಚ್ಚುಕಡಿಮೆ ಒಂದೇ. ಅದೇ ಜಾಗವನ್ನು ಕ್ಯಾಸೆಟ್ ಏಳು ಪಾಲು ಮಾಡಿದೆ, ಶಿಫ್ಟರ್ ಒಂಬತ್ತು ಪಾಲು ಮಾಡುತ್ತಿದೆ. ಕೇಬಲ್ ತುದಿಯ ಬ್ಯಾರೆಲ್ ತಿರುಗಿಸಿ ಇದನ್ನು ಸರಿಮಾಡಲು ಅರ್ಧ ದಿನ ಕಳೆಯುವ ಮೆಕ್ಯಾನಿಕ್‌ಗಳಿದ್ದಾರೆ. ಬ್ಯಾರೆಲ್ ಎಲ್ಲ ಹೆಜ್ಜೆಗಳನ್ನೂ ಒಟ್ಟಿಗೆ ಆಚೀಚೆ ಸರಿಸಬಲ್ಲದೇ ಹೊರತು ಹೆಜ್ಜೆಯ ಅಳತೆಯನ್ನು ಬದಲಿಸಲಾರದು.

ಈ ತಾಪತ್ರಯ ಶುರುವಾದದ್ದು 1984ರಲ್ಲಿ, ಶಿಮಾನೊ ತನ್ನ 6 ಸ್ಪೀಡ್ ಡ್ಯೂರಾ-ಏಸ್‌ಗೆ ಕ್ಲಿಕ್ಕಾಗುವ ಶಿಫ್ಟರ್ ತಂದಾಗ. ಅದಕ್ಕೂ ಮೊದಲು ಸವಾರನೇ ಲಿವರನ್ನು ಅಂದಾಜಿನಲ್ಲಿ ಎಳೆದು, ಕಿವಿಗೊಟ್ಟು ಕೇಳಿ, ಸದ್ದು ನಿಂತ ಕಡೆ ಬಿಡುತ್ತಿದ್ದ. ಅಂಥ ಲಿವರಿಗೆ ಎಂಟೂ ಒಂದೇ, ಹತ್ತೂ ಒಂದೇ.

ಭಾಗದ ಮೇಲೆ ಬರೆದ ಸ್ಪೀಡನ್ನು ನಂಬಿ ಕೊಳ್ಳುವವರು ಮೋಸಹೋಗುವ ಒಂದು ಜಾಗವಿದೆ: ಟಿಯಾಗ್ರಾ 4700. ಅದು 10 ಸ್ಪೀಡ್ ಹೌದು, ಆದರೆ ಅದರ ಡಿರೇಲರಿಗೆ ಶಿಮಾನೊ 11 ಸ್ಪೀಡಿನ ಅನುಪಾತ, ಅಂದರೆ ಸುಮಾರು 1.4 ಕೊಟ್ಟಿದೆ. ಹಾಗಾಗಿ ಅದರ ಹಿಂದಿನ ಪೀಳಿಗೆಯ ಟಿಯಾಗ್ರಾ 4600ಕ್ಕೂ ಇದಕ್ಕೂ ಕೂಡಿಬರುವುದಿಲ್ಲ, ಹೆಸರೂ ಸ್ಪೀಡೂ ಒಂದೇ ಆದರೂ! ನಿಮ್ಮ ಗೆಳೆಯರದು 5700 ಆಗಿರುವುದು ನಿಮ್ಮ ಪುಣ್ಯ. ಇದಕ್ಕೆ ಉಲ್ಟಾ ಉದಾಹರಣೆಯೂ ಉಂಟು. 9 ಸ್ಪೀಡ್ ಮೌಂಟನ್ ಬೈಕಿನ ಶಿಮಾನೊ ಡಿರೇಲರ್ ಇದೇ 1.7ರ ಬಳಗಕ್ಕೆ ಸೇರಿದ್ದು, 10 ಸ್ಪೀಡ್ ರೋಡ್ ಶಿಫ್ಟರ್ ಜೊತೆ ಚೆನ್ನಾಗಿ ಹೊಂದುತ್ತದೆ. ದೂರ ಪ್ರಯಾಣದವರು ದೊಡ್ಡ ಕ್ಯಾಸೆಟ್ಟಿಗಾಗಿ ಈ ಜೋಡಿಯನ್ನು ತುಂಬ ಬಳಸಿದ್ದಾರೆ. 10 ಸ್ಪೀಡ್ ಮೌಂಟನ್ ಬೈಕಿನದು ಮಾತ್ರ ಬೇಡ, ಅದರ ಅನುಪಾತವೇ ಬೇರೆ. ಸ್ರ್ಯಾಮ್, ಕ್ಯಾಂಪಗ್ನೋಲೊಗಳ ಲೆಕ್ಕ ಮತ್ತೂ ಬೇರೆ. ಅವುಗಳ ಶಿಫ್ಟರ್ ಅವುಗಳ ಡಿರೇಲರಿಗೇ ಇರಲಿ.

ಹತ್ತಕ್ಕೆ ಹೋಗಲೇಬೇಕೆಂದರೆ ಹಿಂದಿನ ಚಕ್ರದ ಚಿಂತೆಯಿಲ್ಲ. ಶಿಮಾನೊ 8, 9, 10 ಸ್ಪೀಡ್ ಕ್ಯಾಸೆಟ್‌ಗಳೆಲ್ಲ ಒಂದೇ ಫ್ರೀಹಬ್ ಮೇಲೆ ಕೂರುತ್ತವೆ. 105ರ ಕ್ಯಾಸೆಟ್ ತುಸು ತೆಳು, ಅದರ ಹಿಂದೆ 1 ಮಿ.ಮೀ. ಸ್ಪೇಸರ್ ಹಾಕಬೇಕು. ಅದು ಬಿಟ್ಟುಹೋದರೆ ಎಷ್ಟು ಬಿಗಿದರೂ ಕ್ಯಾಸೆಟ್ ಲೊಡಲೊಡ ಅಲ್ಲಾಡುತ್ತದೆ. ಚೈನು ಹೊಸದೇ ಬೇಕು. 8 ಸ್ಪೀಡ್ ಚೈನಿನ ಹೊರ ಅಗಲ 7 ಮಿ.ಮೀ. ದಾಟುತ್ತದೆ, 10ರದು 6ರ ಆಸುಪಾಸು. ದಪ್ಪ ಚೈನು ಇಕ್ಕಟ್ಟಾದ ಕ್ಯಾಸೆಟ್ಟಿನಲ್ಲಿ ಪಕ್ಕದ ಹಲ್ಲಿಗೆ ಉಜ್ಜುತ್ತದೆ. ಮುಂದಿನ ಡಿರೇಲರಿಗೆ ಎರಡೇ ಚೈನ್‌ರಿಂಗ್ ನಡುವೆ ಓಡಾಟ, ಹಾಗಾಗಿ ಅದು ಸ್ವಲ್ಪ ಉದಾರಿ. ಆದರೂ ಎಡಗೈ ಶಿಫ್ಟರಿನ ಎಳೆತ ಸರಣಿಯಿಂದ ಸರಣಿಗೆ ಬದಲಾಗುತ್ತದೆ, ಜೋಡಿಸಿ ನೋಡಿಯೇ ಹೇಳಬೇಕು.

ಇನ್ನು ಬೆಟ್ಟದ ಮಾತು. ನಿಮ್ಮ ಅತಿ ಹಗುರ ಗೇರ್ ಈಗ ಮುಂದೆ 34, ಹಿಂದೆ 28. 105ರ 11-28 ಕ್ಯಾಸೆಟ್ ಹಾಕಿದರೆ? ಅದೇ 34, ಅದೇ 28. ಹೆಚ್ಚುವರಿ ಎರಡು ಗೇರು ಮಧ್ಯದಲ್ಲಿ ತುರುಕಿಕೊಂಡಿರುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಗುಂಪಿನ ಜೊತೆ ಒಂದೇ ಲಯದಲ್ಲಿ ತುಳಿಯುವವರಿಗೆ ಅದು ಹಿತ, ಏರಿನಲ್ಲಿ ಏದುಸಿರು ಬಿಡುವವರಿಗೆ ಅದರಿಂದ ಏನೂ ಇಲ್ಲ. ಅದರ ಬದಲು 8 ಸ್ಪೀಡಿನಲ್ಲೇ 11-32 ಅಥವಾ 11-34 ಕ್ಯಾಸೆಟ್ ಸಿಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ 28 ಹಲ್ಲಿನಲ್ಲಿ ಗಂಟೆಗೆ 10.7 ಕಿ.ಮೀ. ಹೋಗಬೇಕಾಗುತ್ತದೆ, 34ರಲ್ಲಿ 8.8 ಸಾಕು. ಅದಕ್ಕಿಂತ ನಿಧಾನವಾದರೆ ಕಾಲಿನ ಲಯ ಕೆಡುತ್ತದೆ, ಮಂಡಿ ನೋಯುತ್ತದೆ. ಕಡಿದಾದ ತಿರುವುಗಳಲ್ಲಿ ಈ ವ್ಯತ್ಯಾಸ ದೊಡ್ಡದು.

ನನ್ನನ್ನು ಕೇಳಿದರೆ ಗೆಳೆಯರ ಶಿಫ್ಟರಿಗೆ ಥ್ಯಾಂಕ್ಸ್ ಹೇಳಿ, ದುಡ್ಡನ್ನು ಕ್ಯಾಸೆಟ್ಟಿಗೂ ಚೈನಿಗೂ ಹಾಕಿ. ಕೊಳ್ಳುವ ಮೊದಲು ಡಿರೇಲರಿನ ಒಳಮೈಯಲ್ಲಿರುವ ಗುರುತು ಓದಿ. ಜಿಎಸ್ ಎಂದಿದ್ದರೆ ಅದು ಉದ್ದ ಕೇಜಿನದು, ದೊಡ್ಡ ಕ್ಯಾಸೆಟ್ ಹಿಡಿಸುತ್ತದೆ. ಎಸ್‌ಎಸ್ ಎಂದಿದ್ದರೆ ಗಿಡ್ಡ ಕೇಜು, ಡಿರೇಲರನ್ನೂ ಬದಲಿಸಬೇಕು. ಹಳೆಯ ಚೈನಿನ ಉದ್ದಕ್ಕೇ ಹೊಸದನ್ನು ಕತ್ತರಿಸಲು ಬಿಡಬೇಡಿ. ಅದು ಗಿಡ್ಡವಾಗಿದ್ದು, ಮರೆತು ದೊಡ್ಡ ಚೈನ್‌ರಿಂಗಿಗೂ ದೊಡ್ಡ ಹಲ್ಲುಚಕ್ರಕ್ಕೂ ಒಟ್ಟಿಗೆ ಹಾಕಿದಿರೋ, ಡಿರೇಲರ್ ಕಿತ್ತು ಬರುತ್ತದೆ. ಚೈನನ್ನು ಡಿರೇಲರಿಗೆ ಪೋಣಿಸದೆ ಮುಂದಿನ 50ಕ್ಕೂ ಹಿಂದಿನ 34ಕ್ಕೂ ನೇರ ಸುತ್ತಿ, ಎರಡು ತುದಿ ಕೂಡುವಲ್ಲಿಂದ ಎರಡು ಕೊಂಡಿ ಹೆಚ್ಚಿಗೆ ಎಣಿಸಿ ಕತ್ತರಿಸಲು ಹೇಳಿ.